ಎಣ್ಣೆ ಕುಡಿದ ಭಜಿ: ಕರಿದ ತಿಂಡಿಯ ಬಗ್ಗೆ ಒಂದು ಅಧ್ಯಯನ ಟಿಪ್ಪಣಿ

“ಕರಿದ ಪದಾರ್ಥಗಳಿಂದ ಆಗುವ ತೊಂದರೆಗಳನ್ನು ವಿವರಿಸಿ” ಎಂಬ ಪ್ರಶ್ನೆ ಬಂದರೆ ನಾವು ಬೊಜ್ಜು, ಹೃದಯಾಘಾತ, ಸಕ್ಕರೆ ಕಾಯಿಲೆ ಎಂದು ಮೂರು ಸಾಲು ಗೀಚಿ ಮುಂದಿನ ಪ್ರಶ್ನೆಗೆ ಹಾರುತ್ತೇವೆ. ಮೊದಲ ಕಿರುಪರೀಕ್ಷೆಯಲ್ಲಿ ನಾನೂ ಅದನ್ನೇ ಮಾಡಿ ಹತ್ತಕ್ಕೆ ನಾಲ್ಕು ಅಂಕ ತಂದುಕೊಂಡೆ. “ಯಾಕೆ ಎಂಬುದನ್ನು ಎಲ್ಲಿ ಬರೆದಿದ್ದೀ?” ಎಂದು ಮೇಡಂ ಕೆಂಪು ಶಾಯಿಯಲ್ಲಿ ಕೇಳಿದ್ದರು. ಕನ್ನಡ ಮಾಧ್ಯಮದಲ್ಲಿ ಓದಿ ನರ್ಸಿಂಗ್‌ಗೆ ಬಂದ ನನ್ನಂಥವರಿಗಾಗಿ, ಆ “ಯಾಕೆ”ಯ ಹಿಂದೆ ಹೋಗಿ ಬರೆದ ಟಿಪ್ಪಣಿ ಇದು. ಪುಸ್ತಕಕ್ಕಿಂತ ಮೊದಲು ಬಾಣಲೆಯನ್ನು ನೋಡೋಣ.

ಕಲಬುರಗಿಯಲ್ಲಿ ಬಾಣಲೆ ಹುಡುಕಲು ಕಷ್ಟಪಡಬೇಕಾಗಿಲ್ಲ. ಬೆಳಿಗ್ಗೆ ಏಳಕ್ಕೆ ಸುಸಲಾ (ಒಗ್ಗರಣೆ ಹಾಕಿದ ಮಂಡಕ್ಕಿ) ಜೊತೆ ಮಿರ್ಚಿ ಭಜಿ, ಸಂಜೆ ಮತ್ತೆ ಮಿರ್ಚಿ. ನಮ್ಮ ಹಾಸ್ಟೆಲ್ ಪಕ್ಕದ ಬಂಡಿಯ ಮುಂದೆ ನಿಂತು ಸರಿಯಾಗಿ ಗಮನಿಸಿದರೆ ಅರ್ಧ ಪಾಠ ಅಲ್ಲೇ ಮುಗಿಯುತ್ತದೆ. ಕಡಲೆ ಹಿಟ್ಟಿನಲ್ಲಿ ಅದ್ದಿದ ಮೆಣಸಿನಕಾಯಿಯನ್ನು ಕಾದ ಎಣ್ಣೆಗೆ ಬಿಟ್ಟ ಕೂಡಲೇ ಸುತ್ತಲೂ ಗುಳ್ಳೆ ಏಳುತ್ತವೆ. ಅದು ಎಣ್ಣೆಯ ಕುದಿತ ಅಲ್ಲ. ಎಣ್ಣೆ 170ರಿಂದ 190 ಡಿಗ್ರಿ ಸೆಲ್ಸಿಯಸ್‌ನಲ್ಲಿರುತ್ತದೆ, ನೀರು 100ಕ್ಕೇ ಆವಿಯಾಗುತ್ತದೆ. ಹಿಟ್ಟಿನೊಳಗಿನ ನೀರು ಆವಿಯಾಗಿ ಹೊರಗೆ ನುಗ್ಗುವಾಗ ಎದ್ದ ಗುಳ್ಳೆಗಳು ಅವು. ಆವಿ ಹೊರಗೆ ತಳ್ಳುತ್ತಿರುವಷ್ಟು ಹೊತ್ತು ಎಣ್ಣೆಗೆ ಒಳಗೆ ಹೋಗಲು ಹೆಚ್ಚು ದಾರಿ ಇರುವುದಿಲ್ಲ.

ಹಾಗಾದರೆ ಭಜಿ ಎಣ್ಣೆ ಕುಡಿಯುವುದು ಯಾವಾಗ? ಹೆಚ್ಚಿನ ಪಾಲು ಹೊರಗೆ ತೆಗೆದ ಮೇಲೆ! ಭಜಿ ಆರುತ್ತಿದ್ದಂತೆ ಒಳಗಿನ ಆವಿ ಮತ್ತೆ ನೀರಾಗಿ ಕುಗ್ಗುತ್ತದೆ, ಒತ್ತಡ ಇಳಿಯುತ್ತದೆ, ಮೈಗೆ ಅಂಟಿಕೊಂಡಿದ್ದ ಎಣ್ಣೆಯನ್ನು ಭಜಿ ಸಣ್ಣ ಸಣ್ಣ ರಂಧ್ರಗಳಿಂದ ಒಳಕ್ಕೆ ಎಳೆದುಕೊಳ್ಳುತ್ತದೆ. ಜಾಲರಿ ಸೌಟಿನಲ್ಲಿ ಎತ್ತಿದ ತಕ್ಷಣ, ಬಿಸಿ ಇರುವಾಗಲೇ ಚೆನ್ನಾಗಿ ಜಾಡಿಸಬೇಕು ಎನ್ನುವುದು ಈ ಕಾರಣಕ್ಕೆ. ಹಿಟ್ಟಿಗೆ ಸೋಡಾ ಹೆಚ್ಚಾದರೆ ಎಣ್ಣೆ ಕುಡಿಯುತ್ತದೆ ಎಂದು ನಮ್ಮ ಅವ್ವ ಬೈಯುವುದಕ್ಕೂ ವಿಜ್ಞಾನದ ಬೆಂಬಲವಿದೆ: ಸೋಡಾ ರಂಧ್ರಗಳನ್ನು ಹೆಚ್ಚಿಸುತ್ತದೆ.

ಒಂದು ಗ್ರಾಂ ಕೊಬ್ಬಿಗೆ 9 ಕಿಲೋಕ್ಯಾಲರಿ, ಪಿಷ್ಟಕ್ಕೂ ಪ್ರೋಟೀನಿಗೂ 4. ಒಂದು ಭಜಿ 5 ಗ್ರಾಂ ಎಣ್ಣೆ ಕುಡಿದಿದೆ ಎಂದಿಟ್ಟುಕೊಂಡರೆ ನಾಲ್ಕು ಭಜಿಗೆ 180 ಕಿಲೋಕ್ಯಾಲರಿ ಬರೀ ಎಣ್ಣೆಯಿಂದಲೇ ಬಂತು. ಬೊಜ್ಜಿನ ವಿಷಯ ಇಷ್ಟೇ. ಇದಕ್ಕಿಂತ ಉದ್ದ ಬರೆಯುವ ಅಗತ್ಯವಿಲ್ಲ.

ಹಳೆಯ ಎಣ್ಣೆ

ನಿಜವಾದ ವಿಷಯ ಇಲ್ಲಿದೆ. ಬಂಡಿಯ ಕಾಕಾ ಬೆಳಗಿನ ಎಣ್ಣೆಗೇ ಸಂಜೆ ಹೊಸದನ್ನು ಸುರಿಯುವುದನ್ನು ನೋಡಿ, ಪೂರ್ತಿ ಬದಲಾಯಿಸುವುದಿಲ್ಲವೇ ಎಂದು ಒಮ್ಮೆ ಕೇಳಿದೆ. “ಹೊಸ ಎಣ್ಣೆಯಲ್ಲಿ ಬಣ್ಣ ಬರುವುದಿಲ್ಲ, ತಂಗಿ” ಎಂದರು. ಜಿಪುಣತನಕ್ಕೆ ನೆಪ ಎಂದುಕೊಂಡಿದ್ದೆ. ಓದಿದ ಮೇಲೆ ತಿಳಿಯಿತು, ಅವರು ಹೇಳಿದ್ದು ಸರಿ. ಎಣ್ಣೆ ಸ್ವಲ್ಪ ಬಳಕೆಯಾದ ಮೇಲೆ ಅದರಲ್ಲಿ ಸಾಬೂನಿನಂತೆ ವರ್ತಿಸುವ ಕೆಲವು ವಸ್ತುಗಳು ಹುಟ್ಟುತ್ತವೆ. ಅವು ಎಣ್ಣೆಯನ್ನೂ ಒದ್ದೆ ಹಿಟ್ಟನ್ನೂ ಹತ್ತಿರ ತರುತ್ತವೆ, ಆದ್ದರಿಂದ ಭಜಿ ಚೆನ್ನಾಗಿ ಕೆಂಪಗಾಗುತ್ತದೆ. ಆದರೆ ಅವೇ ವಸ್ತುಗಳು ಮಿತಿಮೀರಿದಾಗ ಎಣ್ಣೆ ಮೈಗೆ ಹೆಚ್ಚು ಅಂಟುತ್ತದೆ, ಭಜಿ ಹೆಚ್ಚು ಎಣ್ಣೆ ಕುಡಿಯುತ್ತದೆ. ಒಳಗೆ ಹೋಗುವುದು ಕೆಟ್ಟ ಎಣ್ಣೆ, ಅದೂ ಹೆಚ್ಚು ಪ್ರಮಾಣದಲ್ಲಿ.

ಬಾಣಲೆಯಲ್ಲಿ ಮೂರು ಕ್ರಿಯೆಗಳು ಒಟ್ಟಿಗೇ ನಡೆಯುತ್ತವೆ. ಹಿಟ್ಟಿನ ನೀರು ಎಣ್ಣೆಯ ಅಣುವನ್ನು ಒಡೆದು ಬಿಡಿ ಕೊಬ್ಬಿನಾಮ್ಲಗಳನ್ನು ಹೊರಹಾಕುತ್ತದೆ. ಇದು ಜಲವಿಭಜನೆ. ಇದರಿಂದ ಹೊಗೆ ಬರುವ ತಾಪಮಾನ ಕೆಳಗಿಳಿಯುತ್ತದೆ. ಹಳೆಯ ಎಣ್ಣೆ ಬೇಗ ಹೊಗೆಯಾಡುವುದು ಇದಕ್ಕೇ. ಗಾಳಿಯ ಆಮ್ಲಜನಕ ಸೇರಿ ಮೊದಲು ಪೆರಾಕ್ಸೈಡ್, ಆಮೇಲೆ ಆಲ್ಡಿಹೈಡ್ ಉಂಟಾಗುವುದು ಉತ್ಕರ್ಷಣ. ಕಮಟು ವಾಸನೆಯ ಮೂಲ ಅದು. ಅಣುಗಳು ಒಂದಕ್ಕೊಂದು ಕೂಡಿಕೊಂಡು ಎಣ್ಣೆ ಮಂದವಾಗುವುದು, ಬಾಣಲೆಯ ಅಂಚಿಗೆ ಅಂಟಂಟಾದ ಕಂದು ಪದರ ಕಟ್ಟುವುದು ಪಾಲಿಮರೀಕರಣ. ಮನೆಯಲ್ಲಿ ಎಷ್ಟು ಉಜ್ಜಿದರೂ ಹೋಗದ ಆ ಪದರವನ್ನು ನೆನಪಿಸಿಕೊಂಡರೆ ಈ ಪದ ಪರೀಕ್ಷೆಯಲ್ಲಿ ಮರೆಯುವುದಿಲ್ಲ. ಎಣ್ಣೆ ಹೊಗೆಯಾಡುವಾಗ ಕಣ್ಣು ಉರಿಸುವ ವಸ್ತು ಅಕ್ರೋಲಿನ್.

ಹೀಗೆ ಕೆಟ್ಟ ಅಂಶಗಳ ಒಟ್ಟು ಲೆಕ್ಕಕ್ಕೆ “ಒಟ್ಟು ಧ್ರುವೀಯ ಸಂಯುಕ್ತಗಳು” ಎಂದು ಹೆಸರು. ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರ 2018ರ ಜುಲೈ 1ರಿಂದ ಇದಕ್ಕೆ 25 ಶೇಕಡಾ ಮಿತಿ ಹಾಕಿದೆ. ಅದನ್ನು ಮೀರಿದ ಎಣ್ಣೆಯನ್ನು ಅಡುಗೆಗೆ ಬಳಸುವಂತಿಲ್ಲ. ಅದೇ ವರ್ಷದ ಆಗಸ್ಟ್‌ನಲ್ಲಿ ಇಂಥ ಎಣ್ಣೆಯನ್ನು ಸಂಗ್ರಹಿಸಿ ಬಯೋಡೀಸೆಲ್ ಮಾಡುವ ಯೋಜನೆಯೂ ಶುರುವಾಯಿತು. ಬಂಡಿಯ ಮುಂದೆ ನಿಂತವರ ಬಳಿ ಅಳತೆಯ ಉಪಕರಣ ಇರುವುದಿಲ್ಲ, ಆದರೆ ಕಣ್ಣು ಮೂಗು ಇರುತ್ತವೆ: ಕಪ್ಪು ಬಣ್ಣ, ಆರದೆ ನಿಲ್ಲುವ ನೊರೆ, ಸುರಿದಾಗ ಮಂದವಾದ ಧಾರೆ, ಕಮಟು. ಜೊತೆಗೆ ಭಜಿ ಕಟ್ಟಿಕೊಡುವ ಹಳೆಯ ಪತ್ರಿಕೆ. ಮುದ್ರಣದ ಶಾಯಿ ಎಣ್ಣೆಗೆ ಇಳಿಯುತ್ತದೆ ಎಂದು ಪ್ರಾಧಿಕಾರ 2016ರಲ್ಲೇ ಎಚ್ಚರಿಸಿದೆ. ಜಾತ್ರೆಯಲ್ಲಿ ಇದನ್ನು ಯಾರಿಗೆ ಹೇಳುವುದು, ಹೇಳಿ.

ಕುಸುಬೆ ಎಣ್ಣೆಯ ಬಗ್ಗೆ ಒಂದು ಮಾತು, ಏಕೆಂದರೆ ಇದು ನಮ್ಮ ಭಾಗದ ಎಣ್ಣೆ. ಅದರಲ್ಲಿ ಲಿನೋಲಿಕ್ ಆಮ್ಲ (ಎರಡು ದ್ವಿಬಂಧಗಳಿರುವ ಕೊಬ್ಬಿನಾಮ್ಲ) ಬಹಳ, ಆದ್ದರಿಂದ ಹೃದಯಕ್ಕೆ ಒಳ್ಳೆಯದು ಎಂದು ಓದುತ್ತೇವೆ. ಆದರೆ ಅದೇ ಗುಣ ಬಾಣಲೆಯಲ್ಲಿ ಶತ್ರು. ಅಣುವಿನಲ್ಲಿ ದ್ವಿಬಂಧಗಳು ಹೆಚ್ಚಿದ್ದಷ್ಟೂ ಆಮ್ಲಜನಕಕ್ಕೆ ಹಿಡಿಯಲು ಜಾಗ ಹೆಚ್ಚು. ಒಗ್ಗರಣೆಗೆ, ಪಲ್ಯಕ್ಕೆ, ಚಟ್ನಿಪುಡಿಗೆ ಕಲಸಿಕೊಳ್ಳಲು ಗಾಣದ ಕುಸುಬೆ ಎಣ್ಣೆ ಚಿನ್ನ. ಅದರಲ್ಲಿ ಮೂರು ದಿನ ಭಜಿ ಕರಿದರೆ ಚಿನ್ನ ಕಲ್ಲಿದ್ದಲಾಗುತ್ತದೆ. ಒಳ್ಳೆಯ ಎಣ್ಣೆ ಯಾವುದು ಎಂಬ ಪ್ರಶ್ನೆಯನ್ನು ಯಾವ ಕೆಲಸಕ್ಕೆ ಎಂದು ಕೇಳದೆ ಉತ್ತರಿಸಬಾರದು.

ವನಸ್ಪತಿ, ಅಂದರೆ ನಮ್ಮ ಬಾಯಲ್ಲಿ ಡಾಲ್ಡಾ, ಬೇರೆ ಕಥೆ. ದ್ರವ ಎಣ್ಣೆಗೆ ಜಲಜನಕ ಸೇರಿಸಿ ಗಟ್ಟಿ ಮಾಡುವಾಗ ಟ್ರಾನ್ಸ್ ಕೊಬ್ಬು ಹುಟ್ಟುತ್ತದೆ. ಇದು ಕೆಟ್ಟ ಕೊಲೆಸ್ಟ್ರಾಲನ್ನು ಏರಿಸುವುದಲ್ಲದೆ ಒಳ್ಳೆಯದನ್ನು ಇಳಿಸುತ್ತದೆ. ಎಣ್ಣೆ, ಕೊಬ್ಬುಗಳಲ್ಲಿ ಇದರ ಮಿತಿ 2021ರಲ್ಲಿ 3 ಶೇಕಡಾ, 2022ರ ಜನವರಿಯಿಂದ 2 ಶೇಕಡಾ.

ಹೊಟ್ಟೆಯೊಳಗೆ

ಕೊಬ್ಬು ಸಣ್ಣ ಕರುಳಿನ ಮೊದಲ ಭಾಗ ತಲುಪಿದಾಗ ಕೊಲೆಸಿಸ್ಟೋಕೈನಿನ್ ಎಂಬ ಹಾರ್ಮೋನು ಬಿಡುಗಡೆಯಾಗುತ್ತದೆ. ಅದು ಜಠರಕ್ಕೆ ನಿಧಾನ ಎನ್ನುತ್ತದೆ, ಪಿತ್ತಕೋಶಕ್ಕೆ ಹಿಂಡು ಎನ್ನುತ್ತದೆ. ಈ ಒಂದು ವಾಕ್ಯದಲ್ಲಿ ಎರಡು ಕಾಯಿಲೆಗಳ ಲಕ್ಷಣವಿದೆ. ಜಠರ ನಿಧಾನವಾದರೆ ಹೊಟ್ಟೆ ಭಾರ. ಜೊತೆಗೆ ಅನ್ನನಾಳದ ಕೆಳತುದಿಯ ಬಿಗಿ ಸ್ನಾಯು ಸಡಿಲವಾಗಿ ಆಮ್ಲ ಮೇಲಕ್ಕೆ ಬರುತ್ತದೆ. ರಾತ್ರಿ ಪಾಳಿಗೆ ಮುಂಚೆ ಮಿರ್ಚಿ ತಿಂದು ಒಂದು ತಾಸು ಮಲಗಿದವರಿಗೆ ಈ ಎದೆಯುರಿಯ ಪರಿಚಯ ಇದ್ದೇ ಇರುತ್ತದೆ. ಇನ್ನು ಪಿತ್ತಕೋಶದಲ್ಲಿ ಕಲ್ಲಿದ್ದವರಿಗೆ ಅದು ಹಿಂಡಿಕೊಂಡಾಗ ಬಲಗಡೆ ಪಕ್ಕೆಲುಬಿನ ಕೆಳಗೆ ನೋವು ಹಿಡಿಯುತ್ತದೆ, ಬಲ ಭುಜದವರೆಗೂ ಹೋಗಬಹುದು.

ನಮ್ಮ ಸೋದರಮಾವ ಮದುವೆಯೊಂದರಲ್ಲಿ ತಹರಿ (ಜಿಡ್ಡಿನ ಮಸಾಲೆ ಅನ್ನ) ಉಂಡು ಬಂದ ರಾತ್ರಿ ಹೀಗೇ ನರಳಿದರು. ಮನೆಯವರೆಲ್ಲ “ಪಿತ್ತ ಆಗಿದೆ” ಎಂದು ನಿಂಬೆಹಣ್ಣಿನ ಸೋಡಾ ಕುಡಿಸಿದರು. ನಮ್ಮ ಕಡೆ ತಲೆ ಸುತ್ತಿದರೂ, ವಾಂತಿಯಾದರೂ, ಹುಳಿ ತೇಗು ಬಂದರೂ ಪಿತ್ತವೇ. ತಮಾಷೆ ಎಂದರೆ ಆ ಒಂದು ರಾತ್ರಿ ಅದು ನಿಜಕ್ಕೂ ಪಿತ್ತಕೋಶದ್ದೇ ಆಗಿತ್ತು. ಸ್ಕ್ಯಾನ್‌ನಲ್ಲಿ ಕಲ್ಲು ಕಂಡಿತು. ಇದಕ್ಕಿಂತ ಅಪಾಯದ ಪದ “ಗ್ಯಾಸ್”. ಎದೆ ಬಿಗಿತ, ಬೆವರು, ಎಡಗೈ ಅಥವಾ ದವಡೆಗೆ ಹರಡುವ ನೋವು ಇದ್ದರೆ ರೋಗಿ ಭಜಿ ತಿಂದಿದ್ದರೂ ಅದನ್ನು ಗ್ಯಾಸ್ ಎಂದು ನಾವು ತೀರ್ಮಾನಿಸಬಾರದು, ಮೊದಲು ಇಸಿಜಿ.

ಅಧ್ಯಯನಗಳು ಏನು ಹೇಳುತ್ತವೆ?

ಇಲ್ಲಿ ಉತ್ತರ ಒಂದೇ ಗೆರೆಯಲ್ಲಿಲ್ಲ. 2014ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಅಧ್ಯಯನವೊಂದರಲ್ಲಿ, ವಾರಕ್ಕೆ ಒಮ್ಮೆಗಿಂತ ಕಡಿಮೆ ಕರಿದದ್ದು ತಿನ್ನುವವರಿಗೆ ಹೋಲಿಸಿದರೆ ನಾಲ್ಕರಿಂದ ಆರು ಸಲ ತಿನ್ನುವವರಿಗೆ ಎರಡನೇ ಬಗೆಯ ಮಧುಮೇಹದ ಅಪಾಯ 39 ಶೇಕಡಾ, ಏಳು ಅಥವಾ ಹೆಚ್ಚು ಸಲ ತಿನ್ನುವವರಿಗೆ 55 ಶೇಕಡಾ ಹೆಚ್ಚಿತ್ತು. ಆದರೆ 2012ರಲ್ಲಿ ಬಂದ ಸ್ಪೇನಿನ ಅಧ್ಯಯನ ಸುಮಾರು 40 ಸಾವಿರ ಜನರನ್ನು 11 ವರ್ಷ ಗಮನಿಸಿದರೂ ಕರಿದ ಆಹಾರಕ್ಕೂ ಹೃದಯದ ಕಾಯಿಲೆಗೂ ನಂಟು ಕಾಣಲಿಲ್ಲ. ಅಲ್ಲಿನವರು ಆಲಿವ್ ಅಥವಾ ಸೂರ್ಯಕಾಂತಿ ಎಣ್ಣೆಯಲ್ಲಿ ಕರಿಯುತ್ತಾರೆ. ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸುವ ರೂಢಿ ಕಡಿಮೆ. ಈ ಎರಡನ್ನೂ ಪಕ್ಕಪಕ್ಕ ಇಟ್ಟು ಬರೆದರೆ ಉತ್ತರಕ್ಕೆ ತೂಕ ಬರುತ್ತದೆ.

ಆಲೂಗಡ್ಡೆಯಂಥ ಪಿಷ್ಟದ ಪದಾರ್ಥವನ್ನು 120 ಡಿಗ್ರಿಗಿಂತ ಮೇಲೆ ಕರಿದಾಗ ಅಕ್ರಿಲಮೈಡ್ ಉಂಟಾಗುತ್ತದೆ. ಸ್ವೀಡನ್ನಿನ ವಿಜ್ಞಾನಿಗಳು ಇದನ್ನು 2002ರಲ್ಲಿ ಆಹಾರದಲ್ಲಿ ಗುರುತಿಸಿದರು. ಅದು “ಬಹುಶಃ ಕ್ಯಾನ್ಸರ್‌ಕಾರಕ” ಎಂಬ ವರ್ಗದಲ್ಲಿದೆ. “ಚಿಪ್ಸ್ ತಿಂದರೆ ಕ್ಯಾನ್ಸರ್” ಎಂದು ಬರೆದು ಅಂಕ ಕಳೆದುಕೊಳ್ಳಬೇಡಿ.

ಮನೆಯ ಲೆಕ್ಕ

ಹೆಚ್ಚು ಮೈಬಗ್ಗಿಸದ ವಯಸ್ಕರಿಗೆ ದಿನಕ್ಕೆ 20ರಿಂದ 25 ಗ್ರಾಂ ಅಡುಗೆ ಎಣ್ಣೆ ಸಾಕು ಎಂಬುದು ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆ ಹೇಳುತ್ತ ಬಂದ ಅಳತೆ. ಆಳಂದದ ನಮ್ಮ ಮನೆಯಲ್ಲಿ ನಾಲ್ಕು ಜನ, ತಿಂಗಳಿಗೆ ಐದು ಲೀಟರಿನ ಕ್ಯಾನು. ಲೀಟರಿಗೆ ಸುಮಾರು 910 ಗ್ರಾಂ. ಭಾಗಿಸಿದರೆ ಒಬ್ಬರಿಗೆ ದಿನಕ್ಕೆ ಹತ್ತಿರಹತ್ತಿರ 38 ಗ್ರಾಂ, ಬಂಡಿಯ ಮಿರ್ಚಿ ಸೇರಿಸದೆ! ನಿಮ್ಮ ಮನೆಯದನ್ನೂ ಮಾಡಿ ನೋಡಿ.

ಈ ಲೆಕ್ಕ ತೋರಿಸಿದಾಗ ಅವ್ವ ಸಿಟ್ಟಾದಳು. ದೀಪಾವಳಿಗೆ ಕರ್ಚಿಕಾಯಿ, ಚಕ್ಕಲಿ ಕರಿದ ಎಣ್ಣೆಯನ್ನು ಬಟ್ಟೆಯಲ್ಲಿ ಸೋಸಿ ಸ್ಟೀಲ್ ಡಬ್ಬಿಯಲ್ಲಿಟ್ಟು ತಿಂಗಳುಗಟ್ಟಲೆ ಬಳಸುವವಳು ಅವಳು. ಚೆಲ್ಲು ಎಂದರೆ ಕೇಳುತ್ತಾಳೆಯೇ? ಒಮ್ಮೆ ಕರಿದ ಎಣ್ಣೆಯನ್ನು ಮತ್ತೆ ಕರಿಯಲು ಬಳಸದೆ, ಸೋಸಿ, ಒಂದೆರಡು ದಿನದಲ್ಲಿ ಪಲ್ಯ ಸಾರಿಗೆ ಮುಗಿಸಬಹುದು ಎಂದು ಅದೇ ಸಂಸ್ಥೆ ಹೇಳಿದೆ ಎಂದು ಓದಿ ಹೇಳಿದೆ. “ಎರಡು ಲೀಟರನ್ನು ಎರಡು ದಿನದಲ್ಲಿ ಯಾವ ಪುಂಡಿಪಲ್ಯಕ್ಕೆ ಸುರಿಯಲಿ?” ಎಂದಳು. ಮಾತು ನ್ಯಾಯವೇ. ದೊಡ್ಡ ಬಾಣಲೆಗೆ ಎಣ್ಣೆ ಹೆಚ್ಚು ಬೇಕು, ಉಳಿಯುವುದೂ ಹೆಚ್ಚು. ಹಬ್ಬಕ್ಕೆ ಮೊದಲು ಸೂಪರ್ ಮಾರ್ಕೆಟ್ ಕಡೆ ಹೋಗಿ ಅರ್ಧ ಲೀಟರಿನಲ್ಲಿ ಕರಿಯಬಹುದಾದ ಸಣ್ಣ, ಆಳದ ಬಾಣಲೆಯೊಂದನ್ನು ತರಬೇಕು.