ಬೊಬ್ಬೆ, ತೋಳದ ತಲೆ, ಕೆಂಪು ಹೆಸರು

1997ರ ಸೆಪ್ಟೆಂಬರಿನಲ್ಲಿ ‘ಅಲ್ಟಿಮಾ ಆನ್‌ಲೈನ್’ ಎಂಬ ಗೇಮ್ ಶುರುವಾಯಿತು. ಬ್ರಿಟಾನಿಯಾ ಎಂಬ ಕಲ್ಪನೆಯ ನಾಡು, ಅದರಲ್ಲಿ ಒಂದೇ ಹೊತ್ತಿಗೆ ಅಡ್ಡಾಡುವ ಸಾವಿರಾರು ಆಟಗಾರರು. ಗುಡ್ಡದಲ್ಲಿ ಅದಿರು ಅಗೆದು, ಕುದುರೆಯ ಮೇಲೆ ಹೇರಿಕೊಂಡು ಊರಿಗೆ ಮರಳುತ್ತಿರುವವನನ್ನು ಇನ್ನೊಬ್ಬ ಆಟಗಾರ ದಾರಿಯಲ್ಲೇ ಕೊಂದು, ಗಂಟು ಎತ್ತಿಕೊಂಡು ಹೋಗಬಹುದಿತ್ತು. ಊರೊಳಗಿದ್ದರೆ ‘ಗಾರ್ಡ್ಸ್’ ಎಂದು ಟೈಪ್ ಮಾಡಿದರೆ ಸಾಕು. ಕಾವಲುಗಾರ ಅಲ್ಲೇ ಪ್ರತ್ಯಕ್ಷನಾಗಿ ಒಂದೇ ಏಟಿಗೆ ದರೋಡೆಕೋರನನ್ನು ಮುಗಿಸುತ್ತಿದ್ದ. ಗಡಿಯಿಂದ ಒಂದು ಹೆಜ್ಜೆ ಆಚೆಗಿದ್ದರೆ ಎಷ್ಟು ಕೂಗಿದರೂ ಯಾರೂ ಬರುತ್ತಿರಲಿಲ್ಲ.

ಕೂಗಿ ಕರೆಯುವುದನ್ನೇ ಕಾನೂನಿನ ಕಟ್ಟಳೆ ಮಾಡಿಕೊಂಡಿದ್ದ ನಾಡು ನಿಜಕ್ಕೂ ಒಂದಿತ್ತು. ಹಳೆಯ ಇಂಗ್ಲೆಂಡಿನಲ್ಲಿ ಪೊಲೀಸರಿರಲಿಲ್ಲ. ಕಳ್ಳತನವೋ ಕೊಲೆಯೋ ಕಣ್ಣಿಗೆ ಬಿದ್ದವನು ಬೊಬ್ಬೆ ಹಾಕಬೇಕು, ಕೇಳಿಸಿಕೊಂಡವರೆಲ್ಲ ಕೈಗೆ ಸಿಕ್ಕಿದ್ದನ್ನು ಹಿಡಿದು ಬೆನ್ನಟ್ಟಬೇಕು. 1285ರ ವಿಂಚೆಸ್ಟರ್ ಶಾಸನ ಎಂಬ ಕಾನೂನು ಇದನ್ನು ಬಿಗಿಮಾಡಿತು: ದರೋಡೆಕೋರ ಸಿಗದೇ ಹೋದರೆ ಆ ಸೀಮೆಯವರೆಲ್ಲ ಸೇರಿ ನಷ್ಟ ತುಂಬಿಕೊಡಬೇಕು. ಹೊಂಚು ಹಾಕುವವರಿಗೆ ಮರೆ ಸಿಗದಂತೆ ಹೆದ್ದಾರಿಯ ಎರಡೂ ಬದಿ 200 ಅಡಿಯವರೆಗೆ ಪೊದೆ ಕಡಿಯಬೇಕು. 15ರಿಂದ 60 ವರ್ಷದೊಳಗಿನ ಗಂಡಸರು ಆಸ್ತಿಗೆ ತಕ್ಕ ಆಯುಧ ಇಟ್ಟುಕೊಳ್ಳಬೇಕು. 15 ಪೌಂಡ್ ಹುಟ್ಟುವಳಿಯ ಜಮೀನಿದ್ದವನಿಗೆ ಉಕ್ಕಿನ ಬಳೆಗಳ ಕವಚ, ಕಬ್ಬಿಣದ ಶಿರಸ್ತ್ರಾಣ, ಕತ್ತಿ, ಚಾಕು, ಕುದುರೆ. ಓದುತ್ತಿದ್ದರೆ ಗೇಮಿನಲ್ಲಿ ಪಾತ್ರದ ಸಲಕರಣೆಗಳ ಪರದೆಯೇ ತೆರೆದಂತಾಗುತ್ತದೆ.

ಇನ್ನೂ ಹಿಂದಕ್ಕೆ ಹೋದರೆ ಸಿಗುವುದು ಅದೇ ಇಂಗ್ಲೆಂಡಿನ ಕೆಂಟ್ ನಾಡಿನ ದೊರೆ ಎಥೆಲ್‌ಬರ್ಟ್ ಕ್ರಿ.ಶ. 600ರ ಸುಮಾರಿಗೆ ಬರೆಸಿದ ಕಟ್ಟಳೆಗಳು. ಇಂಗ್ಲಿಷ್ ಭಾಷೆಯಲ್ಲಿ ಉಳಿದಿರುವ ಕಾನೂನುಗಳಲ್ಲಿ ಇವೇ ಅತಿ ಹಳೆಯವು. ಅದರ ಬಹುಪಾಲು ಬರಿಯ ದರಪಟ್ಟಿ. ಹೆಬ್ಬೆರಳು ಕಡಿದರೆ 20 ಷಿಲ್ಲಿಂಗ್, ಹೆಬ್ಬೆರಳ ಉಗುರಿಗೆ 3. ತೋರುಬೆರಳಿಗೆ 9, ನಡುಬೆರಳಿಗೆ 4, ಉಂಗುರ ಬೆರಳಿಗೆ 6, ಕಿರುಬೆರಳಿಗೆ 11. ತೋರುಬೆರಳನ್ನು ಆ ಕಟ್ಟಳೆ ‘ಬಾಣ ಬಿಡುವ ಬೆರಳು’ ಎಂದೇ ಕರೆಯುತ್ತದೆ. ಕಣ್ಣಿಗೆ 50. ಸಾಮಾನ್ಯ ಸ್ವತಂತ್ರ ಮನುಷ್ಯನ ಜೀವಕ್ಕೆ 100. ಈ ಜೀವದ ಬೆಲೆಗೆ ವರ್ಗಿಲ್ಡ್ ಎಂದು ಹೆಸರು, ತಲೆಬೆಲೆ ಎನ್ನಬಹುದು. (ನಮ್ಮ ಕಲ್ಲಿನ ಶಾಸನಗಳ ನೆತ್ತರುಗೊಡಗೆ ಬೇರೆಯೇ: ಅದು ಕಾದಾಡಿ ಮಡಿದವನ ಮನೆಯವರಿಗೆ ಗೌರವದಿಂದ ಬಿಟ್ಟ ಭೂಮಿ.)

ಓದುವಾಗ ಇದು ಕ್ರೂರ ಅನ್ನಿಸಬಹುದು. ನನಗೆ ಹಾಗನ್ನಿಸುವುದಿಲ್ಲ. ಬೆರಳಿಗೆ ಬೆಲೆ ಗೊತ್ತಿದ್ದರೆ ಬೆರಳಿಗಾಗಿ ತಲೆ ಉರುಳಿಸಬೇಕಾಗಿಲ್ಲ. ತಲೆಮಾರುಗಟ್ಟಲೆ ನಡೆಯುತ್ತಿದ್ದ ಸೇಡಿಗೆ ಹಣದಲ್ಲಿ ಕೊನೆ ಹೇಳುವ ದಾರಿ ಅದು. ಕೊಂದವನು ತೆರಲಾಗದಿದ್ದರೆ ಅವನ ಬಂಧುಬಳಗದ ಮೇಲೆ ಹೊರೆ ಬೀಳುತ್ತಿತ್ತು. ಹಾಗಾಗಿ ತಮ್ಮ ಹುಡುಗರನ್ನು ಅಂಕೆಯಲ್ಲಿಡುವ ಕೆಲಸವನ್ನು ಬಂಧುಗಳೇ ನೋಡಿಕೊಳ್ಳಬೇಕಿತ್ತು.

ಬ್ರಿಟಾನಿಯಾದಲ್ಲೂ ತಲೆಗೆ ಬೆಲೆಯಿತ್ತು, ಆದರೆ ತಿರುಗುಮುರುಗಾಗಿ. ಸತ್ತ ಆಟಗಾರನೇ ತನ್ನ ಬ್ಯಾಂಕಿನ ಚಿನ್ನವನ್ನು ಕೊಲೆಗಾರನ ತಲೆಗೆ ಬಹುಮಾನವಾಗಿ ಕಟ್ಟುತ್ತಿದ್ದ. ಬೇರೊಬ್ಬ ಆ ತಲೆಯನ್ನು ಕಡಿದು ತಂದು ಕಾವಲುಗಾರನಿಗೆ ಒಪ್ಪಿಸಿದರೆ ಹಣ ಅವನದು. ಕೆಂಟ್‌ನಲ್ಲಿ ಕೊಂದವನು ತೆರುತ್ತಿದ್ದ, ಇಲ್ಲಿ ಸತ್ತವನು ತೆರುತ್ತಿದ್ದ. ಕೊಂದವನಿಂದ ವಸೂಲಿ ಮಾಡಲು ಅವನ ಬೆನ್ನಿಗೆ ಬಂಧುಗಳೂ ಇರಲಿಲ್ಲ, ಊರೂ ಇರಲಿಲ್ಲ.

ಇನ್ನು ಗುರುತು ಹಚ್ಚುವ ಪದ್ಧತಿ. ಗೇಮಿನಲ್ಲಿ ನಿರಪರಾಧಿಯ ಹೆಸರು ನೀಲಿ, ಅಪರಾಧ ಎಸಗಿದವನದು ಬೂದು, ಐದು ಕೊಲೆ ಮಾಡಿದವನದು ಕೆಂಪು. ಬೂದು ಅಥವಾ ಕೆಂಪು ಹೆಸರಿನವನನ್ನು ಯಾರು ಕೊಂದರೂ ತಪ್ಪಲ್ಲ. ಇಂಗ್ಲೆಂಡಿನ ಕಾನೂನು ಕೂಡ ಕರೆದಾಗ ನ್ಯಾಯಸ್ಥಾನಕ್ಕೆ ಬಾರದೆ ತಲೆಮರೆಸಿಕೊಂಡವನನ್ನು ಹೊರಗಿಡುತ್ತಿತ್ತು. ಅಂಥವನು ‘ತೋಳದ ತಲೆ ಹೊತ್ತವನು’ ಎಂದು ಹಳೆಯ ನ್ಯಾಯಗ್ರಂಥಗಳು ಹೇಳುತ್ತವೆ. ತೋಳವನ್ನು ಕೊಲ್ಲಲು ಯಾರಿಗೂ ಅಪ್ಪಣೆ ಬೇಕಿರಲಿಲ್ಲ. ಮುಂದೆ ಆ ಕಟುತನ ಇಳಿಯಿತಾದರೂ, ಹೀಗೆ ಹೊರಗಿಡುವ ಪದ್ಧತಿ ಕ್ರಿಮಿನಲ್ ಕಾನೂನಿನಿಂದ ಪೂರ್ತಿ ಹೋಗಿದ್ದು 1938ರಲ್ಲಿ. ಅಲ್ಲಿನದೇ ಇನ್ನೊಂದು ನಾಡಾದ ವೆಸೆಕ್ಸ್‌ನ ದೊರೆ ಐನಿ ಏಳನೇ ಶತಮಾನದ ಕೊನೆಗೆ ಇನ್ನೊಂದು ಕಟ್ಟಳೆ ಮಾಡಿದ್ದ: ದಾರಿ ಬಿಟ್ಟು ಕಾಡಿನಲ್ಲಿ ನಡೆಯುವ ಪರಸ್ಥಳದವನು ಕೂಗದೆ, ಕೊಂಬೂದದೆ ಬಂದರೆ ಅವನನ್ನು ಕಳ್ಳನೆಂದೇ ಎಣಿಸಬೇಕು. ಅಪರಿಚಿತನ ತಲೆಯ ಮೇಲೆ ಹೆಸರಿನ ಬಣ್ಣ ಕಾಣದ ಕಾಲದಲ್ಲಿ ಕೊಂಬಿನ ದನಿಯೇ ನೀಲಿ ಬಣ್ಣ.

ಇಷ್ಟು ಹೋಲಿಕೆಯಿದ್ದೂ ಬ್ರಿಟಾನಿಯಾದಲ್ಲಿ ಕೊಲೆ ನಿಲ್ಲಲಿಲ್ಲ. ನನ್ನ ಮಟ್ಟಿಗೆ ಕಾರಣ ಇರುವುದು ಜಾಮೀನಿನಲ್ಲಿ. ಹನ್ನೆರಡು ವರ್ಷ ದಾಟಿದ ಪ್ರತಿ ಸ್ವತಂತ್ರ ಗಂಡಸೂ ಹತ್ತು ಜನರ ಒಂದು ಗುಂಪಿನಲ್ಲಿ ಹೆಸರು ಕೊಟ್ಟಿರಬೇಕು ಎಂದು ಇಂಗ್ಲೆಂಡಿನ ದೊರೆ ಕನೂಟ್ 11ನೇ ಶತಮಾನದಲ್ಲಿ ವಿಧಿಸಿದ್ದ. ಫ್ರಾನ್ಸಿನಿಂದ ಬಂದು ಇಂಗ್ಲೆಂಡನ್ನು ಗೆದ್ದ ನಾರ್ಮನ್ನರ ಕಾಲಕ್ಕೆ ಅದು ಗಟ್ಟಿಯಾಯಿತು: ಒಬ್ಬ ತಪ್ಪುಮಾಡಿ ಓಡಿಹೋದರೆ ಉಳಿದವರು ಹಿಡಿದು ತರಬೇಕು, ಇಲ್ಲವೇ ದಂಡ ಕಟ್ಟಬೇಕು. ಹೆಸರು ಕೆಡಿಸಿಕೊಂಡವನಿಗೆ ಹೋಗಲು ಬೇರೆ ಊರಿರಲಿಲ್ಲ, ಯಾಕೆಂದರೆ ಅಲ್ಲೂ ಅವನು ಕೊಂಬೂದಬೇಕಾದ ಪರಸ್ಥಳದವನೇ. ಗೇಮಿನಲ್ಲಿ ಕೆಂಪಾದವನು ಇನ್ನೊಂದು ಪಾತ್ರ ಮಾಡಿಕೊಂಡರೆ ಮತ್ತೆ ನೀಲಿ. ಅವನಿಗಾಗಿ ದಂಡ ಕಟ್ಟುವ ಒಂಬತ್ತು ಜನರನ್ನು ಯಾವ ನಿಯಮವೂ ಕೇಳಲಿಲ್ಲ.

2000ದಲ್ಲಿ ಗೇಮ್ ತಯಾರಕರು ನಾಡನ್ನೇ ಎರಡು ಮಾಡಿದರು. ಫೆಲುಕ್ಕಾದಲ್ಲಿ ಹಳೆಯ ನಿಯಮವೇ ಉಳಿಯಿತು. ಟ್ರ್ಯಾಮೆಲ್‌ನಲ್ಲಿ ಮಾತ್ರ ಒಪ್ಪಿಗೆಯಿಲ್ಲದೆ ಒಬ್ಬ ಆಟಗಾರ ಇನ್ನೊಬ್ಬನ ಮೇಲೆ ಕೈಮಾಡುವಂತಿರಲಿಲ್ಲ. ಅದಿರು ಹೇರಿಕೊಂಡ ಕುದುರೆಗಳು ಗುಂಪುಗುಂಪಾಗಿ ಟ್ರ್ಯಾಮೆಲ್ ಕಡೆಗೆ ನಡೆದವು.