ಜಾಗ ಗೊತ್ತು, ಬೇಕಾದದ್ದು ಗೊತ್ತಿಲ್ಲ

ಮಡಿಕೇರಿ ಪಕ್ಕದ ಗಾಳಿಬೀಡಿನಿಂದ ಕಡಮಕಲ್ಲಿನ ಕಾಡು ಇಳಿದರೆ ಸುಬ್ರಹ್ಮಣ್ಯ. ನಕಾಶೆಯಲ್ಲಿ ಗೆರೆ ಎಳೆದು ನೋಡಿದರೆ ನೆರೆಯೂರು. ಅಲ್ಲಿ ರಸ್ತೆಯಾಗಬೇಕೆಂಬ ಬೇಡಿಕೆಗೆ ವಯಸ್ಸಾಗಿದೆ; ವಾಹನಗಳು ಮಾತ್ರ ಸಂಪಾಜೆ ಘಾಟಿ ಇಳಿದು ಸುಳ್ಯದ ಕಡೆಯಿಂದ ಸುತ್ತಿ ಹೋಗುತ್ತವೆ. ‘ಇದು ಹತ್ತಿರವಿದೆ, ಹಾಗಾಗಿ ನಿಮಗೆ ಬೇಕು’ ಎಂದು ಮಾಹಿತಿ ಮುಂದಿಡುವ ಮೊಬೈಲ್ ಸೇವೆಗಳಿಗೆ ಕೊಡಗು ಕಠಿಣ ಪರೀಕ್ಷೆ.

ಈ ತರ್ಕ ಬೆಳೆದದ್ದು ಒಂದು ಕಟ್ಟಡದೊಳಗೆ. 1990ರ ದಶಕದ ಆರಂಭದಲ್ಲಿ ಕೇಂಬ್ರಿಡ್ಜ್‌ನ ಒಲಿವೆಟ್ಟಿ ಪ್ರಯೋಗಾಲಯ ತನ್ನ ಸಿಬ್ಬಂದಿಗೆ ಅವಗೆಂಪು (ಇನ್‌ಫ್ರಾರೆಡ್) ಸಂಕೇತ ಸೂಸುವ ಬಿಲ್ಲೆ ತೊಡಿಸಿತು. ಯಾರು ಯಾವ ಕೋಣೆಯಲ್ಲಿದ್ದಾರೆಂದು ತಿಳಿದು, ಅವರಿಗೆ ಬಂದ ಕರೆಯನ್ನು ಅಲ್ಲಿನ ಫೋನಿಗೆ ತಿರುಗಿಸುವುದು ಉದ್ದೇಶ. ಆ ಕೆಲಸಕ್ಕೆ ಜಾಗ ತಿಳಿದರೆ ಸಾಕಿತ್ತು. 2000ದ ಮೇ ತಿಂಗಳಲ್ಲಿ ಅಮೆರಿಕವು ಜಿಪಿಎಸ್‌ನ ನಾಗರಿಕ ಸಂಕೇತಕ್ಕೆ ಬೇಕೆಂದೇ ಬೆರೆಸುತ್ತಿದ್ದ ದೋಷವನ್ನು ನಿಲ್ಲಿಸಿತು. ನೂರು ಮೀಟರ್‌ವರೆಗೆ ತಪ್ಪುತ್ತಿದ್ದ ಲೆಕ್ಕ ಹತ್ತಿಪ್ಪತ್ತು ಮೀಟರ್‌ಗೆ ಇಳಿದದ್ದೇ ಈ ಸೇವೆಗಳ ವ್ಯಾಪಾರ ಶುರುವಾಯಿತು.

ಹತ್ತಿರವಿದ್ದರೆ ಸಾಕೇ ಎಂಬ ಸಂಶಯ ವಿದ್ವಾಂಸರಿಗೆ ಸ್ವಲ್ಪ ತಡವಾಗಿ ಬಂತು. ‘ಎಲ್ಲಕ್ಕೂ ಎಲ್ಲದರ ಸಂಬಂಧವಿದೆ, ಹತ್ತಿರದವಕ್ಕೆ ಹೆಚ್ಚು’ ಎಂಬ ಅರ್ಥದ ಭೂಗೋಳತಜ್ಞ ವಾಲ್ಡೋ ಟಾಬ್ಲರ್ ಅವರ 1970ರ ಸೂತ್ರ ಭೂಗೋಳಶಾಸ್ತ್ರಕ್ಕೆ ಬಹುಕಾಲ ಸಾಕಾಗಿತ್ತು. 2007ರಲ್ಲಿ ಸಂಶೋಧಕ ಜೊನಾಥನ್ ರೇಪರ್ ‘ಭೌಗೋಳಿಕ ಪ್ರಸ್ತುತತೆ’ಯ, ಅಂದರೆ ಯಾವ ಜಾಗದ ಮಾಹಿತಿ ಯಾರಿಗೆ ಯಾವಾಗ ಬೇಕಾಗುತ್ತದೆ ಎಂಬುದರ ಬಗ್ಗೆಯೇ ಪ್ರಬಂಧ ಬರೆದರು. ಬಳಿಕ ಜ್ಯೂರಿಕ್ ವಿಶ್ವವಿದ್ಯಾಲಯದ ಸಂಶೋಧಕರು ದೂರದ ಜೊತೆಗೆ ಸಮಯ, ಹೋಗುತ್ತಿರುವ ದಿಕ್ಕು, ಸುತ್ತಮುತ್ತ ಇನ್ನೇನಿದೆ ಎಂಬುದನ್ನೂ ಅಳತೆಗೋಲಾಗಿ ಪರಿಗಣಿಸಿದರು. ಮಳೆಗಾಲದಲ್ಲಿ ಘಾಟಿ ಇಳಿಯುವ ಜೀಪಿನ ಚಾಲಕ ಇದನ್ನೆಲ್ಲ ಪ್ರಬಂಧವಿಲ್ಲದೆಯೇ ಲೆಕ್ಕ ಹಾಕುತ್ತಾನೆ, ಬಿಡಿ.

ಅವನ ಲೆಕ್ಕದಲ್ಲಿ ಮೊದಲು ಬರುವುದು ಸಮಯ. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮದೆನಾಡು ಕಡೆ ಬೆಟ್ಟ ಜರಿದು ಮಡಿಕೇರಿ–ಮಂಗಳೂರು ಹೆದ್ದಾರಿಯೇ ಕಡಿದುಹೋಯಿತು. ಕಾವೇರಿ ಉಕ್ಕಿದರೆ ಭಾಗಮಂಡಲ–ನಾಪೋಕ್ಲು ರಸ್ತೆ ನೀರಿನಡಿ ಹೋಗುತ್ತದೆ. ಅಂಥ ಹೊತ್ತಿನಲ್ಲಿ ಹತ್ತು ಕಿಲೋಮೀಟರ್ ಆಚೆಯ ಆಸ್ಪತ್ರೆಗಿಂತ ಐವತ್ತು ಕಿಲೋಮೀಟರ್ ಆಚೆಯದೇ ಸಮೀಪ. ನಿಂತ ವಾಹನಗಳ ಫೋನುಗಳಿಂದ ಆ್ಯಪ್‌ಗಳು ದಟ್ಟಣೆಯನ್ನು ಊಹಿಸುತ್ತವೆ. ಆದರೆ ಬರೆ ಜರಿದ ರಾತ್ರಿ ಆ ದಾರಿಯಲ್ಲಿ ವಾಹನವೇ ಇರುವುದಿಲ್ಲ. ಕರೆಂಟು ಹೋಗಿ ಟವರೂ ಮಲಗಿರುತ್ತದೆ. ರಸ್ತೆ ಮುಚ್ಚಿದೆಯೆಂದು ಮನುಷ್ಯರೊಬ್ಬರು ನಕಾಶೆಗೆ ಹೇಳಲೇಬೇಕು.

ಎರಡನೆಯದು, ಕೇಳುತ್ತಿರುವವರು ಯಾರು ಎಂಬುದು. ನನ್ನ ಮಟ್ಟಿಗೆ ದೊಡ್ಡ ಕೊರತೆ ಇಲ್ಲಿದೆ. ಸಿದ್ದಾಪುರದ ರಸ್ತೆಯಲ್ಲಿ ಒಂದೇ ತಿರುವಿನಲ್ಲಿ ಹೋಂಸ್ಟೇಗೆ ಬಂದ ಪ್ರವಾಸಿ, ಕಾಫಿ ಕೊಯ್ಲಿಗೆ ಹೊರಟ ಲೈನ್‌ಮನೆಯ ಕಾರ್ಮಿಕ ಮಹಿಳೆ ಇಬ್ಬರೂ ನಿಂತಿರಬಹುದು. ಉಪಗ್ರಹಕ್ಕೆ ಇಬ್ಬರೂ ಒಂದೇ ಚುಕ್ಕೆ. ಪ್ರವಾಸಿಗೆ ಜಲಪಾತ, ಪಂದಿಕರಿ, ಮಸಾಲೆ ಅಂಗಡಿ ಎಲ್ಲವೂ ಸಿಗುತ್ತವೆ, ಜಾಹೀರಾತಿನ ಹಣ ಅಲ್ಲಿರುವುದರಿಂದ. ತೋಟದೊಳಗೆ ಆನೆ ನಿಂತಿದೆಯೇ ಎಂಬುದು ಆ ಮಹಿಳೆಗೆ ಬೇಕಾದ ಒಂದೇ ಮಾಹಿತಿ.

ಅದಕ್ಕೊಂದು ದಾರಿ ತಮಿಳುನಾಡಿನ ವಾಲ್ಪಾರೈಯಲ್ಲಿ ಸಿಕ್ಕಿತು. ಚಹಾ ತೋಟಗಳ ನಡುವೆ ಆನೆ ಕಂಡ ಜಾಗದಿಂದ ಸುತ್ತ ಸುಮಾರು 2 ಕಿಲೋಮೀಟರ್ ದೂರದೊಳಗಿನ ನಿವಾಸಿಗಳ ಮೊಬೈಲಿಗೆ ಎಸ್‌ಎಂಎಸ್ ಕಳಿಸುವ ವ್ಯವಸ್ಥೆ 2011ರ ಹೊತ್ತಿಗೆ ಅಲ್ಲಿ ಬಂತು. ದೂರದಿಂದಲೇ ಕಾಣುವ ಕೆಂಪು ದೀಪಗಳೂ ಬಂದವು. ಓದಲು ಬಾರದವರಿಗೆ, ಫೋನಿಲ್ಲದವರಿಗೆ ದೀಪವೇ ಸಾಕು.

ಇತ್ತೀಚಿನ ಹೆಜ್ಜೆ ಸೆಲ್ ಬ್ರಾಡ್‌ಕಾಸ್ಟ್. 2023ರ ಅಕ್ಟೋಬರ್‌ನಲ್ಲಿ ಕರ್ನಾಟಕದ ಫೋನುಗಳು ಒಮ್ಮೆಲೇ ಕಿರುಚಿದ್ದು ಅದರ ಪರೀಕ್ಷೆಗಾಗಿ. ಆಯ್ದ ಟವರುಗಳ ವ್ಯಾಪ್ತಿಯಲ್ಲಿರುವ ಫೋನುಗಳಿಗೆಲ್ಲ ಸಂದೇಶ ಹೋಗುತ್ತದೆ, ಯಾರ ನಂಬರೂ ಬೇಕಿಲ್ಲ. ವಿಪತ್ತಿಗೆ ಇದು ಸರಿಯಾದ ಉಪಾಯ. ಆದರೂ ಮಾದಾಪುರದ ಟವರಿನಿಂದ ಹೊರಟ ಎಚ್ಚರಿಕೆ ಬೆಂಗಳೂರಿನಲ್ಲಿ ಕೆಲಸ ಮಾಡುವ ಮಗನನ್ನು ಮುಟ್ಟುವುದಿಲ್ಲ. ಊರಲ್ಲಿ ಒಂಟಿಯಾಗಿರುವ ಅವ್ವನನ್ನು ಮನೆಯಿಂದ ಹೊರಡಿಸಬೇಕಾದವನು ಅವನೇ. ನಾವು ನಿಂತ ಜಾಗವನ್ನು ಈ ಸೇವೆಗಳು ಮೂರು ದಶಕಗಳಿಂದ ಕೇಳುತ್ತಲೇ ಇವೆ. ಯಾವ ಊರಿನ ಸುದ್ದಿ ಬೇಕೆಂದು ನೋಂದಾಯಿಸಿಕೊಳ್ಳುವ ಒಂದು ಗುಂಡಿ ಆ ಎಚ್ಚರಿಕೆ ವ್ಯವಸ್ಥೆಗೆ ಜೊತೆಯಾದರೆ ಮಗನಿಗೂ ಸಂದೇಶ ಹೋಗುತ್ತದೆ.