ಬ್ರೆಸ್ಟ್ ರಿಡಕ್ಷನ್: ಇಳಿಸುವುದು ಬೇರೆ, ತೆಗೆಯುವುದು ಬೇರೆ

ನಮ್ಮ ಕಲಬುರಗಿಯಲ್ಲಿ ಹೆಣ್ಣುಮಗಳೊಬ್ಬಳು ಬ್ರೆಸ್ಟ್ ರಿಡಕ್ಷನ್, ಅಂದರೆ ಸ್ತನದ ಗಾತ್ರ ಇಳಿಸುವ ಆಪರೇಷನ್, ಮಾಡಿಸಿಕೊಂಡರೆ ಓಣಿ ತುಂಬ ಒಂದೇ ಮಾತು: ‘ಆಕಿ ಎದಿ ತೆಗಿಸ್ಕೊಂಡಾಳಂತ, ಕ್ಯಾನ್ಸರ್ ಇರಬೇಕು.’ ಓದಿಕೊಂಡವರ ಬಾಯಲ್ಲೂ ಇದನ್ನೇ ಕೇಳಿ ಸಾಕಾಗಿದೆ.

ಇಡೀ ಸ್ತನ ತೆಗೆಯುವ ಆಪರೇಷನ್ನಿನ ಹೆಸರು ಮಾಸ್ಟೆಕ್ಟಮಿ. ಗ್ರೀಕಿನಲ್ಲಿ ‘ಮಾಸ್ಟೋಸ್’ ಅಂದರೆ ಸ್ತನ. ಕೊನೆಯ ‘ಎಕ್ಟಮಿ’ ಅಂದರೆ ಕತ್ತರಿಸಿ ಹೊರಗೆ ತೆಗೆಯುವುದು. ಗರ್ಭಕೋಶ ತೆಗೆಯುವ ಹಿಸ್ಟರೆಕ್ಟಮಿಯಲ್ಲಿ ಇರುವುದೂ ಅದೇ. ಇಲ್ಲಿನ ತಾಂಡಾಗಳ ಹೆಣ್ಣುಮಕ್ಕಳಿಗೆ ಬೇಕಿಲ್ಲದೆ ಗರ್ಭಕೋಶ ತೆಗೆದರು ಎಂಬ ದೂರು 2015ರಲ್ಲಿ ದೊಡ್ಡ ಸುದ್ದಿಯಾಗಿತ್ತು. ‘ತೆಗೆದರು’ ಅಂದ ಕೂಡಲೇ ನಮ್ಮ ಜನ ಬೆಚ್ಚಿಬೀಳುವುದು ಸಹಜ. ಅದಕ್ಕೇ ಆ ಮಾತನ್ನು ಸುಮ್ನೆ ಆಡಬಾರದು. ಮದುವೆ ಆಗಬೇಕಾದ ಹುಡುಗಿಯ ಬಗ್ಗೆಯಂತೂ ಆಡಲೇಬಾರದು.

ರಿಡಕ್ಷನ್ನಿನ ವೈದ್ಯಕೀಯ ಹೆಸರು ರಿಡಕ್ಷನ್ ಮ್ಯಾಮೊಪ್ಲಾಸ್ಟಿ. ಇದರಲ್ಲಿ ‘ಎಕ್ಟಮಿ’ ಇಲ್ಲ, ‘ಪ್ಲಾಸ್ಟಿ’ ಇದೆ. ಇದೂ ಗ್ರೀಕಿನದೇ, ಅರ್ಥ ರೂಪ ಕೊಡುವುದು. ಪ್ಲಾಸ್ಟಿಕ್ ಸರ್ಜರಿಯ ಹೆಸರೂ ಅಲ್ಲಿಂದಲೇ ಬಂತು. ಒಳಗೆ ಪ್ಲಾಸ್ಟಿಕ್ ಇಡುತ್ತಾರೆ ಅನ್ನುವವರು ಇದನ್ನು ದಯವಿಟ್ಟು ಇನ್ನೊಮ್ಮೆ ಓದಲಿ. ಹೆಚ್ಚಿನ ಕೊಬ್ಬು, ಗ್ರಂಥಿಯ ಭಾಗ, ಚರ್ಮ ಇಷ್ಟನ್ನು ತೆಗೆಯುತ್ತಾರೆ. ಮೊಲೆತೊಟ್ಟನ್ನು ಸಾಮಾನ್ಯವಾಗಿ ರಕ್ತನಾಳ, ನರಗಳ ಸಮೇತ ಮೇಲಕ್ಕೆ ಸರಿಸಿ ಹೊಲಿಯುತ್ತಾರೆ. ಸ್ತನ ಅಲ್ಲೇ ಇರುತ್ತದೆ, ಚಿಕ್ಕದಾಗಿ. ತೆಗೆದ ಭಾಗವನ್ನು ಲ್ಯಾಬಿಗೆ ಕಳಿಸುವುದು ರೂಢಿ. ಅದನ್ನು ಕಂಡು ‘ನೋಡು, ಕ್ಯಾನ್ಸರೇ’ ಅನ್ನಬೇಡಿ.

ಇನ್ನು ‘ಚಂದ ಕಾಣ್ಲಿಕ್ಕೆ ಮಾಡಿಸ್ಯಾಳ’ ಅನ್ನುವವರು. ಹಾಗೆ ಮಾಡಿಸಿದರೂ ಅದು ಅವಳ ಇಷ್ಟ. ಆದರೆ ಬಹಳ ಜನ ಮಾಡಿಸುವುದು ನೋವು ತಾಳಲಾರದೆ. ಸ್ತನದ ಭಾರಕ್ಕೆ ಕುತ್ತಿಗೆ, ಭುಜ, ಬೆನ್ನು ಸದಾ ನೋಯುತ್ತವೆ. ಬ್ರಾ ಪಟ್ಟಿ ಭುಜದಲ್ಲಿ ಗುಳಿ ಬೀಳಿಸುತ್ತದೆ. ಮೇ ತಿಂಗಳಲ್ಲಿ ಇಲ್ಲಿ ಬಿಸಿಲು 42 ಡಿಗ್ರಿ ದಾಟುತ್ತದೆ. ಆಗ ಸ್ತನದ ಕೆಳಗಿನ ಮಡಿಕೆಯಲ್ಲಿ ಬೆವರು ನಿಂತು, ಚರ್ಮ ಕೆಂಪಾಗಿ, ಫಂಗಸ್ ಹತ್ತುತ್ತದೆ. ಪೌಡರ್ ಹಾಕಿದರೆ ಹೋಗುವ ಕಾಟ ಅಲ್ಲ ಅದು. ತೊಗರಿ ಹೊಲದಲ್ಲಿ ದಿನವಿಡೀ ಬಗ್ಗಿ ಕಳೆ ತೆಗೆಯುವವಳ ಬೆನ್ನು ಏನಾಗಬೇಕು? ಅವಳು ಇದನ್ನು ಯಾರ ಮುಂದೆ ಹೇಳಿಕೊಳ್ಳಬೇಕು? ‘ತೂಕ ಇಳಿಸು, ಸರಿಹೋಗ್ತದ’ ಅನ್ನುವುದು ಸುಲಭ. ತೂಕ ಇಳಿಸಿದರೆ ಕೊಬ್ಬು ಕರಗುತ್ತದೆ, ಗ್ರಂಥಿ ಕರಗುವುದಿಲ್ಲ.

ಆಪರೇಷನ್ ಆದಮೇಲೆ ಹೊಲಿಗೆಯ ಕಲೆ ಉಳಿಯುತ್ತದೆ, ವರ್ಷಗಳಲ್ಲಿ ಮಾಸಿದರೂ ಪೂರ್ತಿ ಹೋಗುವುದಿಲ್ಲ. ತೊಟ್ಟಿನ ಸ್ಪರ್ಶ ಕಡಿಮೆಯಾಗಬಹುದು. ಮುಂದೆ ಹಾಲುಣಿಸಲು ಕೆಲವರಿಗೆ ತೊಂದರೆಯಾಗಬಹುದು. ಮಗು ಬೇಕು ಅನ್ನುವವರು ಇದನ್ನು ಮೊದಲೇ ಪ್ಲಾಸ್ಟಿಕ್ ಸರ್ಜನ್ ಹತ್ತಿರ ಬಿಡಿಸಿ ಕೇಳಬೇಕು.

‘ಚಂದಕ್ಕೆ ಮಾಡಿಸಿದ್ದು’ ಅನ್ನುವ ಮಾತು ದುಡ್ಡಿನ ಲೆಕ್ಕದಲ್ಲೂ ಕಾಡುತ್ತದೆ. ಆರೋಗ್ಯ ವಿಮೆಯವರು ಬರೀ ಅಂದಕ್ಕೆ ಮಾಡುವ ಸರ್ಜರಿಗೆ ಹಣ ಕೊಡುವುದಿಲ್ಲ. ಹಾಗಾಗಿ ನೋವು ಎಷ್ಟು ದಿನದಿಂದ ಇದೆ, ಚರ್ಮಕ್ಕೆ ಯಾವ ಔಷಧ ಆಗಿದೆ, ಆಪರೇಷನ್ ಯಾಕೆ ಬೇಕು ಎಂಬುದನ್ನು ಡಾಕ್ಟರ ಕೈಯಲ್ಲಿ ಚೀಟಿಯಲ್ಲೇ ಬರೆಸಿಕೊಳ್ಳಿ. ಆಪರೇಷನ್ನಿಗೆ ಮುಂಚೆಯೇ ಆ ಚೀಟಿ ತೋರಿಸಿ, ಹಣ ಸಿಗುತ್ತದೋ ಇಲ್ಲವೋ ವಿಮೆಯವರನ್ನು ಕೇಳಿ.